ಅಕ್ಕನ ಕಾಲಿನ ಟ್ಯೂಬು ಓಡಿದ ಮಳೆಗಾಲ

1986ರ ಜೂನ್ ಎರಡನೇ ವಾರ, ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನನ್ನ ಅಕ್ಕ ಗಿರಿಜಳ ಎಡ ತೊಡೆಯ ಚರ್ಮದಡಿಯಲ್ಲಿ ಒಂದು ಬಿಳಿ ಕೊಳವೆ ಹಾಕಿದರು. ಪೆನ್ಸಿಲ್ ದಪ್ಪ. ರಬ್ಬರೂ ಅಲ್ಲ, ಬಟ್ಟೆಯೂ ಅಲ್ಲ, ಹೊರದೇಶದಿಂದ ತರಿಸಿದ್ದು. ಒಂದು ತುದಿಯನ್ನು ತೊಡೆಸಂದಿನಲ್ಲಿ ಹೃದಯದಿಂದ ರಕ್ತ ತರುವ ನಾಳಕ್ಕೆ ಹೊಲಿದಿದ್ದರು, ಇನ್ನೊಂದನ್ನು ಪಕ್ಕದಲ್ಲೇ ರಕ್ತ ಹಿಂದಿರುಗುವ ನಾಳಕ್ಕೆ. ನಡುವೆ ಅದು ಕುದುರೆ ಲಾಳದಂತೆ ತಿರುಗಿಕೊಂಡಿತ್ತು. ವಾರಕ್ಕೆ ಎರಡು ಸಲ ಅದಕ್ಕೆ ಸೂಜಿ ಚುಚ್ಚಿ, ರಕ್ತವನ್ನು ಡಯಾಲಿಸಿಸ್ ಯಂತ್ರಕ್ಕೆ ಹಾಯಿಸಿ, ತೊಳೆದು ವಾಪಸು ಬಿಡಬೇಕಿತ್ತು.

ಮೊನ್ನೆ ಟ್ರಂಕು ತೆಗೆದಾಗ ಹಳದಿ ಕವರಿನಲ್ಲಿ ಆ ವರ್ಷದ ಎಕ್ಸ್‌ರೇ ಫಿಲಂ ಸಿಕ್ಕಿತು. ಹೊರಗೆ ಎಳೆಯುತ್ತಲೇ ಫಿಲಂ ತೊಳೆಯುವ ದ್ರಾವಣದ ಹುಳಿ ವಾಸನೆ ಬಂತು. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಡಾರ್ಕ್ ರೂಮಿನಲ್ಲಿ ವರ್ಷಗಟ್ಟಲೆ ಮೂಗಿಗೆ ಬಡಿದ ವಾಸನೆಯೇ. ಆದರೆ ನೆನಪಿಗೆ ಬಂದದ್ದು ಪತ್ರಿಕೆಯಲ್ಲ, ಆ ಜೂನ್‌ನಿಂದ ಜನವರಿಯವರೆಗಿನ ದಿನಗಳು.

ಅಕ್ಕ ಗುಬ್ಬಿಯಲ್ಲಿ ಪ್ರೈಮರಿ ಶಾಲೆಯ ಮೇಡಂ. ಎರಡೂ ಕಿಡ್ನಿ ಕೆಟ್ಟು ಆಗ ಒಂದೂವರೆ ವರ್ಷ. ಡಯಾಲಿಸಿಸ್ ಸೂಜಿಗೆಂದು ಎಡ ಮಣಿಕಟ್ಟಿನಲ್ಲಿ ಮಾಡಿದ ರಕ್ತನಾಳಗಳ ಜೋಡಣೆ ಮೂರು ತಿಂಗಳಿಗೆ ನಿಂತಿತು. ಮೊಣಕೈಯದು ಹಿಡಿಯಲೇ ಇಲ್ಲ. ಬಲಗೈಯ ನರಗಳೆಲ್ಲ ಮೊದಲಿನ ಡ್ರಿಪ್ಪುಗಳಲ್ಲೇ ಹಾಳಾಗಿದ್ದವು. ಹಾಗಾಗಿ ತೊಡೆ. ಆಪರೇಷನ್ ಮಾಡಿದ ಸರ್ಜನ್ ನನ್ನನ್ನೂ ಭಾವನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: ಕುಣಿಗಲ್‌ನಲ್ಲಿರುವ ನಮ್ಮ ಅಮ್ಮನ ಕಿಡ್ನಿ ಅಕ್ಕನಿಗೆ ಹೊಂದುತ್ತದೆ. ಆದರೆ ಅಮ್ಮನಿಗೆ ರಕ್ತ ಕಡಿಮೆ. ಔಷಧಿ ಕೊಟ್ಟು ಸರಿಮಾಡಿ, ಸರದಿ ಬರುವ ಹೊತ್ತಿಗೆ ವರ್ಷದ ಕೊನೆಯಾಗುತ್ತದೆ. ಆ ಕಿಡ್ನಿ ಕೂರಿಸುವುದು ಬಲಗಡೆ ಕಿಬ್ಬೊಟ್ಟೆಯಲ್ಲಿ. ಆದ್ದರಿಂದ ಬಲಗಾಲನ್ನು ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಈ ಎಡಗಾಲಿನ ಟ್ಯೂಬು ಓಡಬೇಕು. ಇದು ನಿಂತರೆ ಸೂಜಿ ಹಾಕಲು ಬೇರೆ ಜಾಗವಿಲ್ಲ.

ಟ್ಯೂಬು ಓಡುತ್ತಿದೆಯೋ ಇಲ್ಲವೋ ತಿಳಿಯುವುದು ಕೈಯಿಂದ. ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಕಲಿಸಿದ್ದರು. ಬೆಳಿಗ್ಗೆ ಸಂಜೆ ತೊಡೆಯ ಮೇಲೆ ಅಂಗೈ ಇಟ್ಟು ನೋಡಬೇಕು. ಕಾಯಿಲೆಯಿಂದ ಅಕ್ಕನ ಅಂಗೈಗೆ ಜೋಮು ಹಿಡಿದಿತ್ತು, ಹಾಗಾಗಿ ಬೇರೆಯವರೇ ನೋಡಬೇಕಿತ್ತು. ಬಟ್ಟೆಯ ಕೆಳಗೆ ಬೆಕ್ಕು ಮಲಗಿ ಗೊರಗೊರ ಅನ್ನುವಂತೆ ಒಳಗೆ ಏನೋ ಅದುರುತ್ತಿರಬೇಕು. ಅದುರುವುದು ನಿಂತರೆ ತಕ್ಷಣ ಆಸ್ಪತ್ರೆಗೆ. ಜೊತೆಗೆ ಇನ್ನೆರಡು ಕಟ್ಟಳೆ. ಎಡಗಾಲು ಮಡಿಸಿ ಕೂರುವಂತಿಲ್ಲ, ಸೊಂಟಕ್ಕೆ ಬಿಗಿಯಾಗಿ ಏನೂ ಕಟ್ಟುವಂತಿಲ್ಲ. ಚಕ್ಕಂಬಕ್ಕಳ ಹಾಕಿ ಲಿಂಗಪೂಜೆ ಮಾಡದೆ ಅಕ್ಕ ಒಂದು ದಿನವೂ ಬಾಯಿಗೆ ನೀರು ಹಾಕಿದವಳಲ್ಲ. ಆ ಜೂನ್‌ನಿಂದ ಶಾಲೆಯ ಕಬ್ಬಿಣದ ಕುರ್ಚಿಯೊಂದನ್ನು ತರಿಸಿಕೊಂಡು, ಎಡಗಾಲು ನೀಡಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡತೊಡಗಿದಳು.

"ಮಠಕ್ಕೆ ಗೊತ್ತಾದ್ರೆ ಏನಂತಾರೋ" ಎಂದಳು ಒಮ್ಮೆ.

ಭಾವ ಗಂಗಣ್ಣ ನಕ್ಕರು. "ಏನಂತಾರೆ? ನಾನು ಇಪ್ಪತ್ತು ವರ್ಸದಿಂದ ಸ್ಟೇರಿಂಗ್ ಮುಂದೆ ಕೂತೇ ಶಿವ ಶಿವ ಅಂತಿಲ್ವಾ? ಅವ್ನು ಕೇಳಿಸ್ಕೊಂಡವ್ನೆ, ಅದಕ್ಕೇ ಇನ್ನೂ ಒಂದು ಕೋಳೀನೂ ಸತ್ತಿಲ್ಲ ನನ್ ಗಾಡಿಗೆ."

ಭಾವ ಖಾಸಗಿ ಬಸ್ಸಿನ ಡ್ರೈವರ್. ಗುಬ್ಬಿಯಿಂದ ಹೊರಟು ತುಮಕೂರಿನ ಮೇಲೆ ಕುಣಿಗಲ್‌ಗೆ ಹೋಗುವ ಮೊದಲ ಗಾಡಿ ಅವರದು. ನಾನು ತುಮಕೂರಿನ ಒಂದು ದಿನಪತ್ರಿಕೆಯಲ್ಲಿ ವರದಿಗಾರ; ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ. ಗುಬ್ಬಿಯ ಮನೆಗೆ ಫೋನ್ ಇರಲಿಲ್ಲ. ಆದ್ದರಿಂದ ಭಾವನೂ ನಾನೂ ಒಂದು ಏರ್ಪಾಡು ಮಾಡಿಕೊಂಡೆವು. ಬೆಳಿಗ್ಗೆ ಹೊರಡುವ ಮುನ್ನ ಅವರು ಅಕ್ಕನ ಕಾಲು ಮುಟ್ಟಿ ನೋಡುವುದು. ಏಳೂಮುಕ್ಕಾಲಕ್ಕೆ ನಮ್ಮ ಕಚೇರಿ ಎದುರಿನ ಹೋಟೆಲ್ ದಾಟುವಾಗ, ಟ್ಯೂಬು ಓಡುತ್ತಿದ್ದರೆ ಒಂದು ಉದ್ದನೆಯ ಹಾರನ್ ಹೊಡೆಯುವುದು. ಹೊಡೆಯದೆ ಗಾಡಿ ನಿಲ್ಲಿಸಿದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು.

ಜೂನ್, ಜುಲೈ, ಆಗಸ್ಟ್ ಹೀಗೇ ಕಳೆದವು. ಆ ವರ್ಷ ತುಮಕೂರಿನ ಮಳೆ ಸುರಿಯುವ ಮಳೆಯಾಗಿರಲಿಲ್ಲ. ಮೋಡ, ಗಾಳಿ, ಬೆಳಗಿನ ಜಿನುಗು. ಹೋಟೆಲಿನ ಹೊರಗಿನ ಕಟ್ಟೆಯ ಮೇಲೆ ಲೋಟ ಹಿಡಿದು ಗುಬ್ಬಿ ಕಡೆಯ ರಸ್ತೆ ನೋಡುತ್ತ ಕೂರುತ್ತಿದ್ದೆ. ಏಳೂಮುಕ್ಕಾಲು ದಾಟಿ ಐದು ನಿಮಿಷವಾದರೆ ಕಾಫಿ ಕೆಳಗಿಟ್ಟು ರಸ್ತೆಯ ಅಂಚಿಗೆ ಹೋಗಿ ನಿಲ್ಲುತ್ತಿದ್ದೆ. ದನ ಅಡ್ಡ ಬಂದಿರಬಹುದು, ಟಯರ್ ಪಂಕ್ಚರ್ ಆಗಿರಬಹುದು ಎಂದು ಕಾರಣ ಹುಡುಕುತ್ತಿದ್ದೆ. ಹಾರನ್ ಕೇಳಿದ ಮೇಲೆ ಜೇಬಿನ ಡೈರಿಯಲ್ಲಿ ಆ ದಿನದ ಎದುರಿಗೆ 'ಇದೆ' ಎಂದು ಬರೆಯುತ್ತಿದ್ದೆ. ಬರೆದಿಡುವುದು ನನ್ನ ಕಸುಬು.

ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಮಂಗಳವಾರ ಅಕ್ಕ ಗುಬ್ಬಿಯಲ್ಲಿ ಬೆಳಗಿನ ರೈಲು ಹತ್ತಿ ಬರುತ್ತಿದ್ದಳು, ನಾನು ತುಮಕೂರಿನಲ್ಲಿ ಸೇರಿಕೊಳ್ಳುತ್ತಿದ್ದೆ. ಶುಕ್ರವಾರ ಭಾವ ರಜಾ ಹಾಕಿ ಜೊತೆಗೆ ಹೋಗುತ್ತಿದ್ದರು. ಆ ಎರಡು ದಿನ ಹಾರನ್ ಇಲ್ಲ; ತುಮಕೂರು ಸ್ಟೇಷನ್ನಿನಲ್ಲೇ ಕೇಳಿ ಬರೆದುಕೊಳ್ಳುತ್ತಿದ್ದೆ. ಮೇಡಂ ಬೆಂಗಳೂರಿಗೆ ಟ್ರೇನಿಂಗಿಗೆ ಹೋಗುತ್ತಾರೆ ಎಂದು ಶಾಲೆಯ ಮಕ್ಕಳು ತಿಳಿದಿದ್ದರು. ಅಕ್ಕ ತಿದ್ದಲಿಲ್ಲ. ದಿನಕ್ಕೆ ಎರಡು ಲೋಟ ನೀರು ಅವಳ ಪಾಲು. ರೈಲಿನಲ್ಲಿ ಎದುರಿಗೆ ಯಾರಾದರೂ ಮಗ್ಗಿನಿಂದ ಗಟಗಟ ಕುಡಿದರೆ ಕಿಟಕಿಯ ಕಡೆ ತಿರುಗುತ್ತಿದ್ದಳು.

ಆಗಸ್ಟ್ ಕೊನೆಯಲ್ಲಿ ಒಂದು ದಿನ ಭಾವ ಹಾರನ್ ಹೊಡೆದದ್ದಲ್ಲದೆ ಗಾಡಿಯನ್ನೂ ನಿಲ್ಲಿಸಿದರು. ನಾನು ಎದ್ದು ಓಡಿದೆ. ಅವರು ಕಿಟಕಿಯಿಂದ ತಲೆ ಹಾಕಿ ನಗುತ್ತಿದ್ದರು.

"ಯಾಕಯ್ಯಾ ಭಾಮೈದ, ಮುಖ ಬೆಳ್ಳಗಾಗೋಯ್ತು? ಒಳ್ಳೆ ಸುದ್ದಿ ಕಣಯ್ಯ. ಟ್ಯೂಬು ಮೊದ್ಲಿಗಿಂತ ಜೋರಾಗೈತೆ. ಕೈ ಇಟ್ರೆ ಕೈನೇ ಎತ್ತಾಕ್ತದೆ!"

"ನಿಜವಾಗ್ಲೂ?"

"ಇಂಜಿನ್ನು ಓಡ್ತೈತೋ ನಿಂತೈತೋ ಅಂತ ನಂಗೆ ನೀನು ಕಲಿಸ್ತೀಯಾ? ಬರ್ಕೋ, ಬರ್ಕೋ. ಜೋರು ಅಂತ ಬರ್ಕೋ."

ಬರೆದುಕೊಂಡೆ. ಮರುದಿನವೂ ಜೋರು. ಅದರ ಮರುದಿನವೂ. ಮುಂದಿನ ಹನ್ನೊಂದು ದಿನ ಡೈರಿಯಲ್ಲಿ ಅದೊಂದೇ ಪದ ಇದೆ. ಆ ದಿನಗಳಲ್ಲಿ ನಾನು ಕಾಫಿಯನ್ನು ನೆಮ್ಮದಿಯಿಂದ ಕುಡಿದೆ. ಡಯಾಲಿಸಿಸ್ ಮುಗಿದು ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದರೆ ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ರಕ್ತ ಅರ್ಧ ಗಂಟೆಯಾದರೂ ನಿಲ್ಲುತ್ತಿರಲಿಲ್ಲ. ಅದನ್ನೂ ನೋಡಿದ್ದೆ. ಅದಕ್ಕೂ ಟ್ಯೂಬಿನ ಜೋರನ್ನೇ ಕಾರಣ ಮಾಡಿದ್ದೆವು.

ಸೆಪ್ಟೆಂಬರ್‌ನ ಒಂದು ಮಂಗಳವಾರ, ಯಂತ್ರದಿಂದ ರಕ್ತ ವಾಪಸು ಹೋಗುವ ಕಡೆ ಒತ್ತಡ ಏರುತ್ತಿದೆ ಎಂದು ಸಿಸ್ಟರ್ ಎಕ್ಸ್‌ರೇ ವಿಭಾಗದ ಡಾಕ್ಟರನ್ನು ಕರೆಸಿದರು. ಆ ಡಾಕ್ಟರು ಹೊರದೇಶದಲ್ಲಿ ಕಲಿತು ಬಂದವರು. ಕತ್ತರಿ ಹಿಡಿಯದೆ, ಎಕ್ಸ್‌ರೇ ಪರದೆ ನೋಡಿಕೊಂಡು, ರಕ್ತನಾಳದೊಳಗೆ ತಂತಿ ಹಾಯಿಸಿ ರಿಪೇರಿ ಮಾಡುವವರು. ತೆಳ್ಳಗಿನ ಮನುಷ್ಯ.

"ಹೇಗಿದೆ ಮೇಡಂ ಟ್ಯೂಬು?" ಎಂದರು.

"ಚೆನ್ನಾಗಿದೆ ಸಾರ್. ನನ್ನ ತಮ್ಮ ದಿನಾ ಬರ್ದಿಟ್ಟಿದಾನೆ. ತೋರ್ಸೋ ಮಂಜು."

ನಾನು ಡೈರಿ ಕೊಟ್ಟೆ. ಡಾಕ್ಟರು ಹಾಳೆ ತಿರುವಿದರು. "ಜೋರು... ಜೋರು... ಜೋರು. ಇದು ನೀವು ಮುಟ್ಟಿ ನೋಡಿ ಬರೆದದ್ದಾ?"

"ಇಲ್ಲ ಸಾರ್. ಭಾವ ಹೇಳಿದ್ದು."

ಡೈರಿ ವಾಪಸು ಕೊಟ್ಟು ಅವರು ಹೊದಿಕೆಯ ಮೇಲಿಂದಲೇ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು.

"ಯಾವೂರು ನಿಮ್ಮದು?"

"ಕುಣಿಗಲ್, ಸಾರ್."

"ಕೆರೆ ನೋಡಿದ್ದೀರಲ್ಲ. ಕಾಲುವೆ ತೆರೆದಿದ್ರೆ ನೀರು ಗುಂಯ್ ಅಂತ ಹರಿಯುತ್ತೆ. ಮುಂದೆ ಕಟ್ಟಿಕೊಂಡಿದ್ರೆ ಬಂದು ಬಂದು ಬಡಿಯುತ್ತೆ. ನಿಮ್ಮ ಭಾವನ ಕೈಗೆ ಸಿಕ್ಕಿದ್ದು ಬಡಿತ. ಹರಿವು ಎಲ್ಲಿದೆ? ಗುಂಯ್ ಅನ್ನೋದು ನಿಂತು ಎಷ್ಟು ದಿನ ಆಯ್ತು?"

ನನ್ನ ಡೈರಿಯಲ್ಲಿ ಅದಕ್ಕೆ ಉತ್ತರ ಇತ್ತು. ಹನ್ನೆರಡು ದಿನ.

ಅಂದೇ ಬಣ್ಣದ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದರು. ಹಸಿ ಫಿಲಂ ಅನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದರು. ಲಾಳ ಪೂರ್ತಿ ಕಾಣುತ್ತಿತ್ತು, ಎಲ್ಲ ಕಡೆ ಒಂದೇ ದಪ್ಪ. ಕೊನೆಯಲ್ಲಿ, ಟ್ಯೂಬು ಮುಗಿದು ಸ್ವಂತ ನಾಳ ಶುರುವಾಗುವ ಹೊಲಿಗೆಯ ಹತ್ತಿರ, ಅದು ಹೊಲಿಯುವ ದಾರದಷ್ಟು ಸಣ್ಣಗಾಗಿತ್ತು. ಅದರೊಳಗೆ ಒಂದು ಬಲೂನು ಕಳಿಸಿ, ಉಬ್ಬಿಸಿ, ಅಗಲ ಮಾಡಬೇಕು ಎಂದರು. ಆ ಅಳತೆಯ ಬಲೂನು ಅವರ ಹತ್ತಿರ ಇದ್ದದ್ದು ಒಂದೇ. ಬೇರೆ ಊರಿನ ಆಸ್ಪತ್ರೆಗೆ ಎರವಲು ಹೋಗಿತ್ತು. ಗುರುವಾರ ಸಂಜೆಗೆ ಬರುವುದಿತ್ತು.

"ಶುಕ್ರವಾರ ಬೆಳಿಗ್ಗೆ ಮಾಡೋಣ. ಅಷ್ಟರೊಳಗೆ ರಕ್ತ ಹೆಪ್ಪುಗಟ್ಟಿ ಪೂರ್ತಿ ನಿಂತುಬಿಟ್ರೆ ಬಲೂನಿಗೆ ಕೆಲಸ ಇಲ್ಲ. ಮತ್ತೆ ಕೊಯ್ಯಬೇಕು. ಆ ಜಾಗದಲ್ಲಿ ಇನ್ನೊಂದು ಸಲ ಕೊಯ್ಯೋದು ಕಷ್ಟ ಅಂತ ಸರ್ಜನ್ ಆಗಲೇ ಹೇಳಿದ್ದಾರೆ."

ವಾರ್ಡಿನಲ್ಲಿ ಹಾಸಿಗೆ ಇರಲಿಲ್ಲ. ಒಂದೂವರೆ ಗಂಟೆಯೊಳಗೆ ಬಂದು ಮುಟ್ಟುವ ದೂರದಲ್ಲಿರಿ ಎಂದರು. ಗುಬ್ಬಿ ಆ ಲೆಕ್ಕಕ್ಕೆ ಬರಲಿಲ್ಲ, ಕ್ಯಾತ್ಸಂದ್ರ ಬಂತು. ಅಕ್ಕನನ್ನು ನನ್ನ ಮನೆಗೆ ಕರೆತಂದೆ. ಬುಧವಾರ ಬೆಳಿಗ್ಗೆ ಭಾವನಿಗೆ ಹೇಳಿದೆ. ಅವರು ಗಾಡಿಯಿಂದ ಇಳಿದು ಕೇಳಿದರು, ಮತ್ತೆ ಹತ್ತಿ ಕೂತರು. ಪ್ರಯಾಣಿಕರು ಗಲಾಟೆ ಮಾಡುವವರೆಗೂ ಸ್ಟಾರ್ಟ್ ಮಾಡಲಿಲ್ಲ.

"ಇಂಜಿನ್ನು ಕೆಟ್ಟು ಕಟಕಟ ನಾಕ್ ಹೊಡೆಯೋದ್ನ ಪವರ್ ಅಂದ್ಕಂಡೆ ನೋಡು" ಎಂದರು. "ನಾನೂ ಒಬ್ಬ ಡ್ರೈವರು."

ಮಧ್ಯಾಹ್ನದ ವಾಪಸು ಟ್ರಿಪ್ಪಿನಲ್ಲಿ ಕುಣಿಗಲ್‌ನಿಂದ ಅಮ್ಮನನ್ನು ಹತ್ತಿಸಿಕೊಂಡು ಬಂದು ಬಿಟ್ಟರು. ಅಮ್ಮ ಚೀಲ ಕೆಳಗಿಟ್ಟವಳೇ ಅಕ್ಕನ ಪಕ್ಕ ಕೂತಳು. ಡಾಕ್ಟರು ಹೇಳಿದ್ದನ್ನು ನಾನು ಎರಡು ಸಲ ಹೇಳಿದೆ: ಬಡಿತ ಇರಬೇಕು, ಅದೂ ಹೋದರೆ ಹೊರಡಬೇಕು. ಗಂಟೆಗೊಮ್ಮೆ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಮುಟ್ಟಿ ನೋಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು ಗಡಿಯಾರ ನೋಡಿ ಬರೆಯುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ. ಅಕ್ಕನ ತೊಡೆಯ ಮೇಲೆ ಕೈ ಇಡುವುದು ಗಂಡನಿಗೆ, ತಾಯಿಗೆ, ಡಾಕ್ಟರಿಗೆ. ಬೆಳೆದ ತಮ್ಮನಿಗಲ್ಲ. ಮೂರು ತಿಂಗಳು ನಾನು ಮೂಲವನ್ನು ನೋಡದೆ ವರದಿ ಬರೆದದ್ದಕ್ಕೆ ಕಾರಣ ಇಷ್ಟೇ.

"ಕುಂತ್ರೂ ಬರೀತಾನೆ, ನಿಂತ್ರೂ ಬರೀತಾನೆ" ಎಂದಳು ಅಮ್ಮ. "ಸರ್ಕಾರದೋರು ಇವನ್ನ ಶಾನುಭೋಗ ಮಾಡ್ಬೇಕಿತ್ತು ಕಣೇ."

"ಮಾಡಿದ್ರೆ ಊರಿನ ಹೊಲ ಎಲ್ಲಾ ಜೋರು ಅಂತ ಬರೀತಿದ್ದ" ಎಂದಳು ಅಕ್ಕ, ಮಲಗಿದ್ದಲ್ಲಿಂದಲೇ.

ಗುರುವಾರ ಮಧ್ಯಾಹ್ನದಿಂದ ಜೋರು ಮಳೆ. ಕರೆಂಟು ಹೋಯಿತು. ನಾಲ್ಕು ಗಂಟೆಯ ಹೊತ್ತಿಗೆ ಒಳಗಿನಿಂದ ಅಮ್ಮ ಕೂಗಿದಳು.

"ಲೋ ಮಂಜ, ಬಾರೋ ಇಲ್ಲಿ. ನಂಗೇನೂ ಸಿಕ್ತಿಲ್ಲ ಕಣೋ."

ಬಾಗಿಲಲ್ಲಿ ನಿಂತೆ. ಅಮ್ಮ ಅಂಗೈಯನ್ನು ಒತ್ತಿ ಒತ್ತಿ ಅತ್ತಿತ್ತ ಸರಿಸುತ್ತಿದ್ದಳು. ಅಕ್ಕ ಸೂರು ನೋಡುತ್ತಿದ್ದಳು.

"ಒತ್ಬೇಡಮ್ಮ" ಎಂದೆ. "ಒತ್ತಿದ್ರೇ ನಿಂತೋಗುತ್ತೆ."

"ನೀನು ನೋಡು ಮತ್ತೆ."

ನಾನು ಅಲ್ಲೇ ನಿಂತಿದ್ದೆ. ಕಾರು ಗೊತ್ತುಮಾಡಬೇಕೆ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಈ ಮಳೆಯಲ್ಲಿ ನೆಲಮಂಗಲ ದಾಟಲು ಎಷ್ಟು ಹೊತ್ತು ಎಂದೆಲ್ಲ ಯೋಚಿಸುತ್ತಿದ್ದೆ.

"ಏನ್ ಕಂಬದ ಥರ ನಿಂತಿದೀಯ?" ಎಂದಳು ಅಕ್ಕ. "ಇಡೋ ಕೈಯ. ಇದೇ ತೊಡೆ ಮೇಲೆ ಕೆಡವ್ಕೊಂಡು, ಮೂಗು ಹಿಡ್ದು ನಿಂಗೆ ಹರಳೆಣ್ಣೆ ಕುಡಿಸಿದೀನಿ. ಆವಾಗ ಇಲ್ದಿರೋ ನಾಚ್ಕೆ ಈಗೇನು?"

ಮೊಣಕಾಲೂರಿ ಸೀರೆಯ ಮೇಲಿಂದ ಅಂಗೈ ಇಟ್ಟೆ. ಏನೂ ಇಲ್ಲ. ಬೆರಳು ಅಗಲ ಮಾಡಿದೆ. ಟ್ಯೂಬಿನ ಗಟ್ಟಿ ಅಂಚು ಸಿಕ್ಕಿತು, ಆದರೆ ಅದು ಸುಮ್ಮನಿತ್ತು. ಹೆಂಚಿನ ಮೇಲಿನ ಮಳೆ ಕೈಯವರೆಗೂ ಅದುರುತ್ತಿದ್ದಂತೆ ಅನ್ನಿಸಿ, ಯಾವುದು ಯಾವುದೆಂದು ತಿಳಿಯಲಿಲ್ಲ. ಉಸಿರು ಹಿಡಿದೆ. ತೊಡೆಸಂದಿಗೆ ಹತ್ತಿರ, ಕಿರುಬೆರಳ ಕೆಳಗೆ, ಒಳಗಿನಿಂದ ಯಾರೋ ಮೆಲ್ಲಗೆ ತಟ್ಟಿದಂತಾಯಿತು. ಮತ್ತೊಂದು. ವಾಚು ನೋಡಿಕೊಂಡು ಇಪ್ಪತ್ತರವರೆಗೆ ಎಣಿಸಿದೆ.

"ಇದೆ" ಎಂದೆ.

"ದಿಟವಾಗ್ಲೂ ಐತಾ?" ಎಂದಳು ಅಮ್ಮ. "ಸುಳ್ಳು ಹೇಳ್ಬೇಡ, ಪೇಪರ್ನೋನು ನೀನು."

"ಪೇಪರ್ನೋರೇ ಕಣಮ್ಮ ಸುಳ್ಳು ಹೇಳೋದು" ಎಂದಳು ಅಕ್ಕ. ಅವಳ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಗಿತ್ತು.

ಅಮ್ಮನ ಕೈ ಹಿಡಿದು ನೋಡಿದೆ. ಅಕ್ಕಿ ತೊಳೆದು, ಪಾತ್ರೆ ತೊಳೆದು, ತಣ್ಣೀರಿನಲ್ಲಿ ಮರಗಟ್ಟಿತ್ತು. ಒಲೆಯ ಮುಂದೆ ಕೂರಿಸಿ ಬಿಸಿ ಮಾಡಿಸಿ ಮತ್ತೆ ಮುಟ್ಟಿಸಿದೆ. ಆಗ ಅವಳಿಗೂ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಗಂಟೆಗೊಮ್ಮೆ ಬೇಡ, ಅರ್ಧ ಗಂಟೆಗೊಮ್ಮೆ ನೋಡೋಣ ಎಂದಳು.

ಶುಕ್ರವಾರ ಭಾವ ಗೆಳೆಯರೊಬ್ಬರ ಅಂಬಾಸಿಡರ್ ತಂದರು. ಮುಂದಿನ ಸೀಟು ಹಿಂದಕ್ಕೆ ತಳ್ಳಿ, ಅಕ್ಕನ ಕಾಲು ಮಡಚದಂತೆ ದಿಂಬು ಕೊಟ್ಟು ಕೂರಿಸಿದರು. ಹೊಂಡ ಕಂಡರೆ ಗಾಡಿಯನ್ನು ನಡೆಸಿಕೊಂಡು ಹೋಗುವಂತೆ ದಾಟಿಸುತ್ತಿದ್ದರು. ಹಿಂದಿನ ಸೀಟಿನಿಂದ ಅಮ್ಮ ಮುಂದಕ್ಕೆ ಬಾಗಿ ಮುಟ್ಟಿ ನೋಡಿ "ಐತೆ" ಎಂದಾಗಲೆಲ್ಲ ಭಾವ ತಲೆ ಅಲ್ಲಾಡಿಸುತ್ತಿದ್ದರು.

ಒಂಬತ್ತಕ್ಕೆ ಆಸ್ಪತ್ರೆ ಮುಟ್ಟಿದೆವು. ಬಲೂನು ಬಂದಿರಲಿಲ್ಲ. ಹಿಂದಿನ ಸಂಜೆ ಬರಬೇಕಿದ್ದ ಪಾರ್ಸೆಲ್ಲನ್ನು ಬೆಳಗಿನ ರೈಲಿಗೆ ಹಾಕಿದ್ದರಂತೆ. ತರಲು ಆಸ್ಪತ್ರೆಯ ಒಬ್ಬ ಅಟೆಂಡರ್ ಸ್ಟೇಷನ್ನಿಗೆ ಹೋಗಿದ್ದ. ಎಕ್ಸ್‌ರೇ ವಿಭಾಗದ ಬೆಂಚಿನ ಮೇಲೆ ನಾವು ಕೂತೆವು. ಹತ್ತು ಗಂಟೆಗೆ ಡಾಕ್ಟರು ಬಂದು ಕೈ ಇಟ್ಟು ನೋಡಿದರು. ಹತ್ತೂವರೆಗೆ ಮತ್ತೆ ಬಂದರು. ಈ ಸಲ ಸಿಸ್ಟರ್‌ಗೆ ಹೇಳಿ, ರಕ್ತ ಹೆಪ್ಪುಗಟ್ಟದಂತೆ ಒಂದು ಇಂಜೆಕ್ಷನ್ ಕೊಡಿಸಿದರು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅಟೆಂಡರ್ ಒಂದು ಉದ್ದನೆಯ ರಟ್ಟಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಆಟೋದಿಂದ ಇಳಿದ. ಭಾವ ಎದ್ದು ನಿಂತು ಅವನಿಗೆ ಕೈಮುಗಿದರು. ಅವನು ಯಾರಿಗೋ ಎಂದು ಹಿಂದಕ್ಕೆ ತಿರುಗಿ ನೋಡಿದ.

ಬಾಗಿಲು ಮುಚ್ಚಿ ಒಂದು ಗಂಟೆ ನಲವತ್ತು ನಿಮಿಷವಾದ ಮೇಲೆ ಡಾಕ್ಟರು ಸೀಸದ ಅಂಗಿ ಬಿಚ್ಚುತ್ತ ಹೊರಗೆ ಬಂದರು. ಬೆನ್ನು ಪೂರ್ತಿ ಬೆವರಿತ್ತು.

"ಎರಡು ಸಲ ಉಬ್ಬಿಸಿದೆ, ಸಣ್ಣಗಾದ ಜಾಗ ಬಲೂನಿನ ಸೊಂಟವನ್ನ ಹಿಡಿದುಕೊಂಡೇ ಇತ್ತು, ಬಿಡಲಿಲ್ಲ. ಮೂರನೇ ಸಲಕ್ಕೆ ಬಿಟ್ಟಿತು. ಅದು ನೋಯುತ್ತೆ. ನಿಮ್ಮಕ್ಕ ಕೂಗಲಿಲ್ಲ, ಹದಿನೇಳರ ಮಗ್ಗಿ ಹೇಳ್ತಿದ್ರು. ಹದಿನೇಳೆಂಟ್ಲ ನೂರ ಮೂವತ್ತಾರಕ್ಕೆ ತೆರೀತು."

ಆಮೇಲೆ ಭಾವನನ್ನೂ ಅಮ್ಮನನ್ನೂ ನನ್ನನ್ನೂ ಒಳಗೆ ಕರೆದರು. ಒಬ್ಬೊಬ್ಬರ ಕೈಯನ್ನೂ ತಾವೇ ಹಿಡಿದು ಅಕ್ಕನ ತೊಡೆಯ ಮೇಲೆ ಇಡಿಸಿದರು. ಗೊರಗೊರ ಎಂದು ಒಂದೇ ಸಮ ಅದುರುತ್ತಿತ್ತು. ನಡುವೆ ಬಿಡುವೇ ಇಲ್ಲ. "ಇದು ಹರಿವು" ಎಂದರು. "ಎರಡು ತಿಂಗಳಿಗೋ ಮೂರು ತಿಂಗಳಿಗೋ ಅದೇ ಜಾಗ ಮತ್ತೆ ಸಣ್ಣಗಾಗುತ್ತೆ. ಆಗ ಹನ್ನೆರಡು ದಿನ ಕಾಯಬೇಡಿ."

ಭಾವ ಕೈ ತೆಗೆಯದೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು. "ಇದು ಟಾಪ್ ಗೇರು" ಎಂದರು ಕೊನೆಗೆ. "ನೆನಪಿಟ್ಕತೀನಿ ಸಾರ್."

ನವೆಂಬರ್‌ನಲ್ಲಿ ಅದೇ ಜಾಗ ಮತ್ತೆ ಸಣ್ಣಗಾಯಿತು. ಗೊರಗೊರ ಕಡಿಮೆಯಾಗಿ ಬಡಿತ ಶುರುವಾದ ದಿನವೇ ಭಾವ ಹಾರನ್ ಹೊಡೆಯದೆ ಗಾಡಿ ನಿಲ್ಲಿಸಿದರು. ನಾನು ಅಂದೇ ಗುಬ್ಬಿಗೆ ಹೋಗಿ ಕೈ ಇಟ್ಟು ನೋಡಿ, ಕಚೇರಿಯಿಂದ ಡಾಕ್ಟರಿಗೆ ಟ್ರಂಕ್ ಕಾಲ್ ಮಾಡಿದೆ. ಮೂರನೆಯ ದಿನ ಅದೇ ಬಲೂನಿನಿಂದ ಮತ್ತೆ ತೆರೆದರು. ಟ್ಯೂಬು ಜನವರಿಯವರೆಗೆ ಓಡಿತು. 1987ರ ಜನವರಿ ಕೊನೆಯ ವಾರ ಅಮ್ಮನ ಎಡ ಕಿಡ್ನಿಯನ್ನು ತೆಗೆದು ಅಕ್ಕನ ಬಲ ಕಿಬ್ಬೊಟ್ಟೆಯಲ್ಲಿ ಕೂರಿಸಿದರು. ಮಾರ್ಚ್‌ನಲ್ಲಿ ಡಯಾಲಿಸಿಸ್ ನಿಲ್ಲಿಸಿ ಎಂಟು ವಾರವಾಯಿತು. ಅಕ್ಕ ಮನಸ್ಸು ಬಂದಷ್ಟು ನೀರು ಕುಡಿಯತೊಡಗಿದಳು. ಜೂನ್‌ನಲ್ಲಿ ಶಾಲೆಗೆ ವಾಪಸಾದಳು.

ಅಮ್ಮ ಹದಿನಾರು ವರ್ಷ ಆದ ಮೇಲೆ ಕುಣಿಗಲ್‌ನಲ್ಲಿ ತೀರಿಕೊಂಡಳು. ಕಳೆದ ತಿಂಗಳ ಅಕ್ಕನ ರಕ್ತ ಪರೀಕ್ಷೆಯ ಪ್ರಕಾರ ಅಮ್ಮನ ಎಡ ಕಿಡ್ನಿ ಇನ್ನೂ ಕೆಲಸ ಮಾಡುತ್ತಿದೆ.